ಕನ್ನಡದಲ್ಲಿ ಒಂದು ರುಜು

ಗಂಟೆ ಬಾರಿಸಿದವನಿಗೆ ಒಳಗೆ ಬರುವ ಆತುರವೇನೂ ಇರಲಿಲ್ಲ. ಜಾಲರಿ ಬಾಗಿಲಿನ ಆಚೆ ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು, ದೆಹಲಿಯ ಆ ಬ್ಲಾಕಿನ ಎರಡು ಮಹಡಿ ಹತ್ತಿದ ಏದುಸಿರು ಇಳಿಯುವವರೆಗೆ ಸುಮ್ಮನೆ ನಿಂತಿದ್ದ. ಮನೋರಮಾ ದೋಸೆಹಿಟ್ಟಿನ ಸೌಟನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದಳು.

"ಹಂಸಾ ಮೂರ್ತಿ ಯಹೀಂ ರಹತೀ ಹೈ?"

ಅವನು ಕೇಳುತ್ತಿದ್ದುದು ದೊಡ್ಡಮ್ಮನ ಮಗಳು ಹಂಸಾಳನ್ನು. ಮನೋರಮಾ ಈ ದನಿಯನ್ನು ಹದಿನೈದು ದಿನದಿಂದ ಫೋನಿನಲ್ಲಿ ಕೇಳುತ್ತಲೇ ಇದ್ದಳು. ರಾಂಗ್ ನಂಬರ್ ಎಂದು ಇಟ್ಟುಬಿಡುತ್ತಿದ್ದಳು.

"ಯಾರೇ ಮನು ಅದು?" ಒಳಗಿನಿಂದ ದೊಡ್ಡಮ್ಮ ಲೀಲಮ್ಮ ಕೂಗಿದರು. ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಟೀವಿಯ ಮುಂದೆ ಕೂತವರು ಸುಲಭಕ್ಕೆ ಏಳುವ ಹಾಗಿರಲಿಲ್ಲ.

"ರದ್ದಿ ಪೇಪರಿನವನು, ದೊಡ್ಡಮ್ಮ."

"ಕಿಲೋಗೆ ನಾಲ್ಕು ರೂಪಾಯಿ ಅಂದ್ರೆ ಆಚೆ ಕಳ್ಸು. ಹೋದ್ಸಲ ತೂಕದಲ್ಲಿ ಟೋಪಿ ಹಾಕಿದಾನೆ ಆ ಭಯ್ಯಾ."

ಬಾಗಿಲಾಚೆಯವನಿಗೆ ಕನ್ನಡ ತಿಳಿಯಲಿಲ್ಲ. ಅವನು ಬೈಯಲಿಲ್ಲ, ದನಿ ಏರಿಸಲೂ ಇಲ್ಲ. ಎಷ್ಟೋ ಬಾಗಿಲುಗಳಲ್ಲಿ ಹೇಳಿ ಸವೆದ ಮಾತನ್ನು ಹಿಂದಿಯಲ್ಲಿ ಒಪ್ಪಿಸಿದ. ಹಂಸಾಳ ಕ್ರೆಡಿಟ್ ಕಾರ್ಡಿನ ಬಾಕಿ ನಲವತ್ತೊಂದು ಸಾವಿರದ ಇನ್ನೂರ ಅರವತ್ತು. ಸೋಮವಾರ ಬೆಳಿಗ್ಗೆಯೊಳಗೆ ಏನೂ ಆಗದಿದ್ದರೆ ಅವನು ಹುಡುಗಿಯ ತಂದೆಯ ಆಫೀಸಿಗೆ ಹೋಗುತ್ತಾನೆ. ಗೇಟಿನಲ್ಲಿ ಕೂತು, ಬಂದವರಿಗೆಲ್ಲ ಕೇಶವಮೂರ್ತಿ ಯಾವ ಮಹಡಿ ಎಂದು ಕೇಳುತ್ತಾನೆ. ಯಾಕೆ ಎಂದು ಅವರು ಕೇಳಿದರೆ ಅದನ್ನೂ ಹೇಳುತ್ತಾನೆ.

ಆಮೇಲೆ ಒಂದು ಜೆರಾಕ್ಸ್ ಕಾಗದವನ್ನು ಬಾಗಿಲ ಸಂದಿಯಿಂದ ಒಳಗೆ ತೂರಿಸಿ, ಬೆರಳಿಂದ ತೋರಿಸುತ್ತ ಹಿಂದಿಯಲ್ಲೇ ಕೇಳಿದ. "ಇದು ನಿಮ್ಮದೇ ಅಲ್ವಾ, ದೀದಿ? ಈ ಲಿಪಿ ಈ ಇಡೀ ಬ್ಲಾಕಿನಲ್ಲಿ ಇನ್ಯಾರಿಗೆ ಬರುತ್ತೆ?"

ಇಂಗ್ಲಿಷಿನ ಒತ್ತೊತ್ತಾದ ಸಾಲುಗಳ ಕೆಳಗೆ, ಚೌಕಟ್ಟಿನೊಳಗೆ, ದುಂಡಗೆ 'ಮನೋರಮಾ' ಎಂದಿತ್ತು. ಕೊನೆಯ 'ಮಾ'ದ ಸುಳಿ ಗೆರೆ ದಾಟಿ ಆಚೆ ಹೋಗಿತ್ತು.

ಅವನು ಮೆಟ್ಟಿಲಿಳಿದು ಹೋದ ಮೇಲೂ ಅವಳು ಅಲ್ಲೇ ನಿಂತಿದ್ದಳು. ಸೌಟಿನಿಂದ ಹಿಟ್ಟು ತೊಟ್ಟಿಕ್ಕಿ ಅವಳ ಕಾಲ ಮೇಲೆ ಬಿದ್ದಿತ್ತು.

ಎರಡು ವರ್ಷದ ಹಿಂದೆ ಹಂಸಾ ಬಿ.ಕಾಂ. ಮೊದಲ ವರ್ಷದಲ್ಲಿದ್ದಳು. ಕಾಲೇಜಿನ ಗೇಟಿನೆದುರು ಬಣ್ಣದ ಛತ್ರಿಯಡಿ ಮೇಜು ಹಾಕಿಕೊಂಡವರು ಕ್ರೆಡಿಟ್ ಕಾರ್ಡಿನ ಅರ್ಜಿ ತುಂಬಿದವರಿಗೆಲ್ಲ ಹೆಗಲ ಚೀಲವೊಂದನ್ನು ಪುಕ್ಕಟೆ ಕೊಡುತ್ತಿದ್ದರಂತೆ. ಅರ್ಜಿಯಲ್ಲಿ ಅವಳು ಟ್ಯೂಷನ್ ಟೀಚರ್, ತಿಂಗಳಿಗೆ ಹತ್ತು ಸಾವಿರ ಸಂಪಾದನೆ. ವಾರದ ನಂತರ ಅದು ನಿಜವೇ ಎಂದು ವಿಚಾರಿಸಲು ಬ್ಯಾಂಕಿನಿಂದ ಮನೆಗೆ ಬಂದವನಿಗೆ ಬಾಗಿಲು ತೆರೆದದ್ದು ಮನೋರಮಾ. ಹೇಳಿಕೊಟ್ಟಂತೆ, ನೆಲ ನೋಡುತ್ತ, "ಹಾಂ ಜೀ, ಟ್ಯೂಷನ್ ಪಢಾತೀ ಹೈ" ಅಂದಿದ್ದಳು. ಅವನು ತೋರಿಸಿದ ಕಡೆ ರುಜು ಹಾಕಿದ್ದಳು. "ಬರೀ ಫಾರ್ಮಾಲಿಟಿ ಮನಕ್ಕಾ" ಅಂದು ಹಂಸಾ ಆ ಚೀಲವನ್ನು ಅವಳಿಗೇ ಕೊಟ್ಟಿದ್ದಳು. ಅದರಲ್ಲೀಗ ಈರುಳ್ಳಿ ಇತ್ತು.

ಬ್ಯಾಂಕಿನ ಲಕೋಟೆಗಳನ್ನು ಕೆಳಗಿನ ಡಬ್ಬಿಯಿಂದ ತರುವುದೂ ಅವಳ ಕೆಲಸವೇ. ಒಡೆಯದೆ ರದ್ದಿಗೆ ಹಾಕು ಎಂದು ಹಂಸಾ ಹೇಳಿದ್ದಳು. ಹೆಸರು ಬರೆದ ಕಾಗದವನ್ನು ತೂಕಕ್ಕೆ ಹಾಕಲು ಮನೋರಮಾಗೆ ಮನಸ್ಸಾಗಲಿಲ್ಲ. ಅಕ್ಕಿ ಡಬ್ಬದ ಹಿಂದೆ ಇಟ್ಟಳು, ಒಂದು ಮಧ್ಯಾಹ್ನ ಒಡೆದೂ ನೋಡಿದಳು. ಒಂಬತ್ತನೇ ಕ್ಲಾಸಿಗೇ ಬಿಟ್ಟವಳಿಗೆ ಇಂಗ್ಲಿಷ್ ಹಿಡಿಯದಿದ್ದರೂ ಅಂಕಿ ತಿಳಿಯುತ್ತಿತ್ತು. ಹದಿನೆಂಟು ಸಾವಿರ, ಇಪ್ಪತ್ತೊಂದು, ಇಪ್ಪತ್ತೇಳು. ಕಟ್ಟಿದಷ್ಟೂ ಏರುತ್ತಿತ್ತು. ಕೇಳಿದ್ದಕ್ಕೆ ಹಂಸಾ ನಕ್ಕಿದ್ದಳು: "ಮಿನಿಮಮ್ ಅಂತ ಬರೆದಿರೋದನ್ನ ಕಟ್ತಾ ಇದೀನಲ್ಲ. ಅಷ್ಟು ಕಟ್ಟಿದ್ರೆ ಆ ತಿಂಗಳದ್ದು ಮುಗೀತು. ನಿಂಗೆ ಗೊತ್ತಾಗಲ್ಲ ಬಿಡು." ಆ ಅಷ್ಟನ್ನೂ ಅವಳು ಕಟ್ಟುವುದು ನಿಲ್ಲಿಸಿದ್ದು ಯಾವಾಗ ಎಂದು ಮನೋರಮಾಗೆ ತಿಳಿಯಲಿಲ್ಲ.

ಮನೋರಮಾ ಕೋಣೆಗೆ ಹೋದಾಗ ಹಂಸಾ ರಜಾಯಿಯೊಳಗಿಂದ ತಲೆ ಮಾತ್ರ ಹೊರಗಿಟ್ಟಿದ್ದಳು. ಹನ್ನೊಂದು ಗಂಟೆ ಹೊಡೆದಿತ್ತು. ವಿಷಯ ಕೇಳಿ ಎದ್ದು ಕೂತಳು.

"ಆಫೀಸಿಗಾ? ಪಪ್ಪಾ ಆಫೀಸಿಗಾ? ಅರೇ ಯಾರ್..." ಕೂದಲನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ನೀನು ಹೇಳ್ಲಿಲ್ಲ ತಾನೆ?"

"ದೊಡ್ಡಪ್ಪ ಮನೇಲಿಲ್ಲ. ತರಕಾರಿ ತರಕ್ಕೆ ಮದರ್ ಡೇರಿಗೆ ಹೋಗಿದಾರೆ."

"ಗುಡ್. ಸುನೋ ಮನಕ್ಕಾ." ಹಂಸಾ ಅವಳ ಕೈ ಹಿಡಿದು ಹಾಸಿಗೆಯ ಮೇಲೆ ಕೂರಿಸಿದಳು. ಬೆರಳುಗಳು ತಣ್ಣಗಿದ್ದವು. "ಮಾಲ್‌ನಲ್ಲಿ ಬೇರೆ ಬ್ಯಾಂಕಿನವರು ಕೂತಿರ್ತಾರೆ. ನಿನ್ನೇನೇ ಫಾರ್ಮ್ ಕೊಟ್ಟಿದೀನಿ. ಆ ಕಾರ್ಡ್ ಬಂದ್ರೆ ಇದನ್ನ ಪೂರಾ ತೀರಿಸಿಬಿಡ್ತೀನಿ, ಖತಮ್. ಇವತ್ತು ನಾಲ್ಕಕ್ಕೆ ವೆರಿಫಿಕೇಶನ್‌ಗೆ ಬರ್ತಾನೆ. ಪಪ್ಪಾ ಮಲಗಿರ್ತಾರೆ. ನೀನು ಸೇಮ್ ಹೇಳು, ಸೇಮ್ ಸೈನ್ ಮಾಡು. ಅದರ ರಸೀದಿ ತೋರ್ಸಿ ಈ ಹೆಲ್ಮೆಟ್‌ನವನ ಹತ್ರ ನಾನು ಹತ್ತು ದಿನ ಟೈಮ್ ಕೇಳ್ತೀನಿ."

"ಅದೂ ಏರುತ್ತಲ್ಲ, ಹಂಸಾ."

"ಏರಲ್ಲ! ನಿಂಗೇನ್ ಗೊತ್ತು? ಪಪ್ಪಾಗೆ ಗೊತ್ತಾದ್ರೆ ಕಾಲೇಜು ಬಿಡಿಸ್ತಾರೆ. ನಿನ್ನನ್ನೂ ಊರಿಗೆ ಕಳಿಸ್ತಾರೆ, ನೋಡ್ತಿರು. ಸೈನ್ ಯಾರದು ಅಲ್ಲಿ? ನಂದಾ?"

ಹೇಳಿದ ಮೇಲೆ ಹಂಸಾಳಿಗೇ ಆ ಮಾತು ಕೇಳಿಸಿದಂತಾಯಿತು. ಮುಖವನ್ನು ಗೋಡೆಯತ್ತ ತಿರುಗಿಸಿ ಮತ್ತೆ ರಜಾಯಿ ಎಳೆದುಕೊಂಡಳು. ಒಳಗೆ ಅಳುತ್ತಿದ್ದಳು. ದಿಂಬಿನ ಪಕ್ಕದಲ್ಲಿ ಆ ಕಾರ್ಡಿನಲ್ಲೇ ಕೊಂಡ ಕ್ಯಾಮರಾ ಮೊಬೈಲು ಗುರುಗುಟ್ಟಿ ಸುಮ್ಮನಾಯಿತು.

ಮನೋರಮಾ ಎದ್ದು ಬಂದಳು. ಅಡಿಗೆಮನೆಯಲ್ಲಿ ಅಕ್ಕಿ ಡಬ್ಬವನ್ನು ಸರಿಸಿ ಲಕೋಟೆಗಳನ್ನು ತೆಗೆದಳು. ಹಿಟ್ಟು ಮೆತ್ತಿದ ಕೈಯನ್ನು ಸೆರಗಿಗೆ ಎರಡು ಸಲ ಒರೆಸಿಕೊಂಡು, ಹಳೆಯದು ಕೆಳಗೆ ಹೊಸದು ಮೇಲೆ ಬರುವಂತೆ ಜೋಡಿಸಿದಳು.

ದೊಡ್ಡಪ್ಪ ಕೇಶವಮೂರ್ತಿಗಳು ಬಟಾಣಿ, ಮೂಲಂಗಿ ಹೊತ್ತು ಬಂದರು. ಮಫ್ಲರ್ ಬಿಚ್ಚುತ್ತ, "ಬಟಾಣಿ ಹತ್ತು ರೂಪಾಯಿಗೆ ಇಳಿದಿದೆ ಕಣಮ್ಮ, ಮೂರು ಕೇಜಿ ತಂದ್ಬಿಟ್ಟೆ. ನಿಮ್ಮ ದೊಡ್ಡಮ್ಮ ಬೈಯ್ಯೋ ಮೊದ್ಲೇ ಬಿಡಿಸಿಬಿಡು" ಎಂದು ನಕ್ಕರು. ಅವಳು ಟೀ ತಂದಿಟ್ಟಳು. ಲೋಟದ ಪಕ್ಕದಲ್ಲಿ ಲಕೋಟೆಗಳನ್ನೂ, ಅವುಗಳ ಮೇಲೆ ಜೆರಾಕ್ಸ್ ಕಾಗದವನ್ನೂ ಇಟ್ಟಳು.

ಅವರು ಕನ್ನಡಕ ಏರಿಸಿದರು. ಸೆಕ್ಷನ್ ಆಫೀಸರು ಫೈಲು ಓದುವಂತೆ, ಮೇಲಿನಿಂದ ಕೆಳಗೆ, ಒಂದು ಸಾಲನ್ನೂ ಬಿಡದೆ ಓದಿದರು. ಹಂಸಾಳ ಹೆಸರಿನ ಹತ್ತಿರ ಬೆರಳು ನಿಂತಿತು. ಕೊನೆಯ ಚೌಕದ ಹತ್ತಿರ ಇನ್ನೂ ಹೆಚ್ಚು ಹೊತ್ತು ನಿಂತಿತು.

ನಾಲ್ಕು ವರ್ಷದ ಹಿಂದೆ ಅವಳು ಊರಿಂದ ಬಂದ ಹೊಸತರಲ್ಲಿ, ಅವಳ ಹೆಸರಲ್ಲಿ ಪೋಸ್ಟಾಫೀಸಿನ ಪಾಸ್‌ಬುಕ್ ಮಾಡಿಸಿದವರು ಅವರೇ. ಇಂಗ್ಲಿಷಿನಲ್ಲಿ ಸೊಟ್ಟಗಾಗುತ್ತೆ ಎಂದು ಪೆನ್ನು ಹಿಡಿದು ಹೆದರಿ ನಿಂತಿದ್ದವಳಿಗೆ, "ಕನ್ನಡದಲ್ಲೇ ಹಾಕಮ್ಮ. ಡೆಲ್ಲೀಲಿ ಯಾರಪ್ಪನ ಕೈಲೂ ಕಾಪಿ ಹೊಡೆಯಕ್ಕಾಗಲ್ಲ" ಅಂದಿದ್ದರು.

"ನಿಂದೇನಾ ಇದು?"

"ಹೌದು, ದೊಡ್ಡಪ್ಪ. ಸೋಮವಾರ ವಸೂಲಿಯವನು ನಿಮ್ಮಾಫೀಸಿಗೆ ಬರ್ತಾನಂತೆ. ಇವತ್ತು ನಾಲ್ಕು ಗಂಟೆಗೆ ಇನ್ನೊಬ್ಬ ಬರ್ತಾನೆ. ನಾನು ಈ ಸಲ ರುಜು ಹಾಕಲ್ಲ."

ಟೀಯ ಮೇಲೆ ಕೆನೆ ಕಟ್ಟಿತು. ಟೀವಿಯಲ್ಲಿ ಯಾರೋ ಜೋರಾಗಿ ನಗುತ್ತಿದ್ದರು.

"ಹಂಸಾನ ಕರಿ" ಅಂದರು ಕೊನೆಗೆ. "ನಿಮ್ಮ ದೊಡ್ಡಮ್ಮನ್ನೂ ಕರಿ."

ಅವಳು ಹಂಸಾಳ ಬಾಗಿಲವರೆಗೆ ಹೋಗಿ ತಿರುಗಿ ನೋಡಿದಳು. ದೊಡ್ಡಪ್ಪ ಕಾಗದವನ್ನು ಮೇಜಿನ ಮೇಲೆ ಹರಡಿ, ಅವಳ ರುಜು ಮರೆಯಾಗುವಂತೆ ಅದರ ಕೆಳತುದಿಯನ್ನು ಚೌಕದ ಮೇಲ್ಗೆರೆಗೆ ಸರಿಯಾಗಿ ಹಿಂದಕ್ಕೆ ಮಡಚುತ್ತಿದ್ದರು. ಮಡಿಕೆಯನ್ನು ಹೆಬ್ಬೆರಳಿನ ಉಗುರಿನಿಂದ ಒಂದು ಸಲ, ಮತ್ತೊಂದು ಸಲ ತೀಡಿ, ಅದು ಬಿಚ್ಚಿಕೊಳ್ಳದ ಹಾಗೆ ಟೀ ಲೋಟವನ್ನು ಮೇಲಿಟ್ಟರು.