ಅತಿಥಿ ಚೀಟಿ

ಎರಡನೇ ಬಕೆಟ್ಟಿನ ಬಟ್ಟೆ ಹಿಂಡುತ್ತಿದ್ದಾಗಲೇ ಫೋನು ಬಡಿದುಕೊಂಡಿತು. ಮಗಳ ಶಾಲೆಯಲ್ಲಿ ನೀರಿನ ಪೈಪು ಒಡೆದು ರಜೆಯಂತೆ. ಅಜ್ಜಿ ಆಗಲೇ ಕಣ್ಣಿನ ಆಸ್ಪತ್ರೆಗೆ ಹೊರಟು ನಿಂತಿದ್ದರು. ವಿಶ್ವವಿದ್ಯಾಲಯದ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದ ತಾಯಿಗೆ, ಫಲಿತಾಂಶದ ವಾರದಲ್ಲಿ ರಜೆ ಕೇಳುವುದು ಕನಸಿನ ಮಾತು.

ಸಿಬ್ಬಂದಿ ತಮ್ಮ ಮಕ್ಕಳನ್ನು ಕಚೇರಿಗೆ ಕರೆತರುವಂತಿಲ್ಲ ಎಂಬ ನಿಯಮವನ್ನು ಕಳೆದ ತಿಂಗಳು ಟೈಪು ಮಾಡಿ ಗೋಡೆಗೆ ಅಂಟಿಸಿದವಳು ಅವಳೇ. ಕೆಳಗಿನ ಸಾಲೂ ಬಾಯಿಪಾಠವಾಗಿತ್ತು: ಅತಿಥಿಗಳು ಚೀಟಿ ಪಡೆದು ಬರಬಹುದು.

ಬಸ್ಸಿನಲ್ಲಿ ಏಳು ವರ್ಷದ ಮಗಳ ಜಡೆ ಬಿಗಿಮಾಡುತ್ತ, "ಇವತ್ತೊಂದಿನ ನನ್ನ ಆಂಟಿ ಅಂತ ಕರಿ ಪುಟ್ಟಿ. ಆಟ ಅಂದ್ಕೋ," ಎಂದಳು. ಪುಟ್ಟಿ ತಲೆಯಾಡಿಸಿದಳು.

ಗೇಟಿನ ಕಾವಲುಗಾರ ಚೀಟಿ ಬರೆಯುತ್ತ ಇಬ್ಬರ ಮುಖವನ್ನೂ ನೋಡಿದ. "ಪಕ್ಕದ ಮನೆ ಮಗು ಅಂತೀರಾ. ಮೂಗು ಮಾತ್ರ ನಿಮ್ಮನೇಲೇ ಮಾಡಿಸಿದ ಹಾಗಿದೆಯಲ್ಲಮ್ಮ," ಎಂದು ನಕ್ಕು ಒಳಗೆ ಬಿಟ್ಟ.

ಮಗಳು ಆಟವನ್ನು ಚಾಚೂ ತಪ್ಪದೆ ಆಡಿದಳು. "ಆಂಟಿ, ನೀರು." "ಆಂಟಿ, ಪೆನ್ಸಿಲ್ ಮುರೀತು." ಪ್ರತಿ ಸಲವೂ ತಾಯಿಯ ಬೆರಳು ತಪ್ಪು ಅಕ್ಷರದ ಮೇಲೆ ಬೀಳುತ್ತಿತ್ತು.

ಮಧ್ಯಾಹ್ನ ಹೊಸದಾಗಿ ಬಂದಿದ್ದ ಮೇಲಧಿಕಾರಿ ಮೇಜಿನ ಬಳಿ ನಿಂತರು. "ಯಾರಮ್ಮ ಇದು?"

"ಪಕ್ಕದ ಮನೆಯದು ಸಾರ್. ಚೀಟಿ ಇದೆ."

"ನಿಮ್ಮಮ್ಮ ಎಲ್ಲಿ ಮರಿ?"

ಮಗಳು ಒಂದು ಗಳಿಗೆ ತಾಯಿಯ ಮುಖ ನೋಡಿದಳು. "ಕೆಲಸಕ್ಕೆ ಹೋಗಿದ್ದಾರೆ."

"ಕಂಡವರ ಕೈಗೆ ಮಗು ಕೊಟ್ಟು ಹೋಗೋದಾ? ಎಂಥಾ ತಾಯಿಯೋ. ಅಲ್ವೇನಮ್ಮ?"

"ಹೌದು ಸಾರ್."

ಮಾತು ಬಾಯಿಂದ ತಾನಾಗಿ ಜಾರಿತ್ತು. ಅವರು ಹೋದ ಮೇಲೂ ಅವಳ ಕಿವಿ ಬಿಸಿಯಾಗಿಯೇ ಇತ್ತು. ಮಗಳು ತಲೆ ಬಗ್ಗಿಸಿ, ಬಣ್ಣ ಹಚ್ಚಿದ ಜಾಗಕ್ಕೇ ಮತ್ತೆ ಮತ್ತೆ ಬಣ್ಣ ಹಚ್ಚುತ್ತಿದ್ದಳು. ಆಮೇಲೆ ನೀರೂ ಕೇಳಲಿಲ್ಲ.

ಸಂಜೆ ಬಸ್ಸಿನಲ್ಲಿ ತಾಯಿ, "ಆಟ ಮುಗೀತು ಪುಟ್ಟಿ. ಎಷ್ಟು ಜಾಣೆ ನೀನು," ಎಂದಳು. ಆ ಹೊಗಳಿಕೆ ಅವಳ ಕಿವಿಗೇ ಹಿತವಾಗಲಿಲ್ಲ. ಕೈ ಹಿಡಿಯಹೋದರೆ ಮಗಳು ಕೈಯನ್ನು ತೊಡೆಯ ಕೆಳಗಿಟ್ಟುಕೊಂಡಳು. ಒಂದು ನಿಲ್ದಾಣ ಹೋಯಿತು, ಇನ್ನೊಂದು ಹೋಯಿತು. ಮಗಳಿಗೆ ಏನೋ ಬಾಯಿಯ ತನಕ ಬರುವುದು, ಅವಳು ತುಟಿ ಕಚ್ಚಿಕೊಳ್ಳುವುದು. ತಾಯಿಗೆ ಅದು ಕಾಣುತ್ತಿತ್ತು. ಏನು ಅಂತ ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಕೊನೆಗೆ ಮಗಳೇ ಅವಳ ಕಡೆ ತಿರುಗಿದಳು.

"ಅವರು ನಮ್ಮಮ್ಮನ್ನ ಬೈದಾಗ ನೀನ್ಯಾಕೆ ಹೌದು ಅಂದೆ?"