ಎಲ್ಲರಿಗೂ ಕಾಣುವ ಅಕ್ಷರ

ಕಾರ್ಯದರ್ಶಿ ಸುಂದರೇಶ ಅವರಿಗೆ ಕಣ್ಣು ಮಂಜಾಗಿದೆ ಎನ್ನುವುದು ಅವರೊಬ್ಬರನ್ನು ಬಿಟ್ಟು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ವಯಸ್ಸು ಐವತ್ತಾರು. ಹದಿನೈದು ದಿನಕ್ಕೊಮ್ಮೆ ತಲೆಗೆ ಬಣ್ಣ ಹಚ್ಚುವವರು. ಕನ್ನಡಕವೆಂದರೆ ಮುದುಕರ ಸಾಮಾನು ಎಂದು ತಿಳಿದಿದ್ದರು. ಕಾಗದವನ್ನು ಕೈ ಚಾಚಿ ದೂರ ಹಿಡಿದು ಓದುತ್ತಿದ್ದರು. ಇತ್ತೀಚೆಗೆ ಕೈಯ ಉದ್ದವೇ ಸಾಲದಾಗಿತ್ತು.

ದಟ್ಟಗಳ್ಳಿಯ ಆ ಗೃಹನಿರ್ಮಾಣ ಸಹಕಾರ ಸಂಘದಲ್ಲಿ ಕುಸುಮ ಇಪ್ಪತ್ತೆರಡು ವರ್ಷದಿಂದ ಗುಮಾಸ್ತೆ. ಹಳೆಯ ಕಂಪ್ಯೂಟರಿನಲ್ಲಿದ್ದದ್ದು ಪರವಾನಗಿಯಿಲ್ಲದ ಸಾಫ್ಟ್‌ವೇರ್ ಎಂದು ಆಡಿಟರ್ ಷರಾ ಬರೆದಾಗ ಅಧ್ಯಕ್ಷ ನಿಂಗಯ್ಯನವರು ಒಂದೇ ಮಾತಿನಲ್ಲಿ ತೀರ್ಮಾನ ಕೊಟ್ಟರು. "ಕಾಸಿಲ್ದೆ ಸಿಕ್ಕೋದು ಯಾವ್ದಾರ ಇದ್ರೆ ಅದನ್ನೇ ಹಾಕ್ಸ್ಬುಡಿ."

ಹಾಗೆ ಆಫೀಸಿಗೆ ಲಿನಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಬಂತು. ಜೊತೆಗೆ, ಸಂಘದ ಘನತೆಗೆ ತಕ್ಕಂತೆ, ಇಪ್ಪತ್ತೇಳು ಇಂಚಿನ ಹೊಸ ಮಾನಿಟರೂ ಬಂತು. ಕೂರಿಸಲು ಬಂದವನು ಕೂರಿಸಿ, ಕಾಫಿ ಕುಡಿದು ಹೋದ. ಪರದೆಯ ಚುಕ್ಕಿಗಳು ಎಷ್ಟು ನವಿರಾಗಿದ್ದವೆಂದರೆ ಅದರ ಮೇಲಿನ ಅಕ್ಷರಗಳೆಲ್ಲ ಸಾಸಿವೆಗಿಂತ ಸಣ್ಣಗೆ ಕಾಣುತ್ತಿದ್ದವು.

ಮೊದಲ ಎರಡು ದಿನ ಸುಂದರೇಶ ಅವರು ಕುಸುಮಳನ್ನು ಕರೆದು ಓದಿಸಿದರು. "ಗಟ್ಟಿಯಾಗಿ ಓದಿ. ನಿಮಗೂ ಹೊಸದರ ಅಭ್ಯಾಸ ಆಗ್ಲಿ."

ಮೂರನೆಯ ದಿನ ಅವಳು ಊಟಕ್ಕೆ ಹೋಗಿದ್ದಾಗ ಅವರೇ ಸೆಟ್ಟಿಂಗ್ಸ್ ತೆರೆದು ರೆಸಲ್ಯೂಷನ್ ಎಂದಿದ್ದ ಕಡೆ ಎಲ್ಲಕ್ಕಿಂತ ಕೆಳಗಿನ ಅಂಕಿಯನ್ನು ಒತ್ತಿದರು. ಅಕ್ಷರ ದೊಡ್ಡದಾಯಿತು, ನಿಜ. ಆದರೆ ಒದ್ದೆ ಬಟ್ಟೆಯಲ್ಲಿ ಒರೆಸಿದಂತೆ ಕಲಸಿಹೋಯಿತು. ಪರದೆಯ ಮೇಲಿದ್ದ ಸಂಘದ ಗುಂಡನೆಯ ಮುದ್ರೆ ಅಗಲಕ್ಕೆ ಹಿಗ್ಗಿ ಮೊಟ್ಟೆಯಾಯಿತು.

"ಏನ್ ಒತ್ತಿದ್ರಿ ಕುಸುಮ? ಗೊತ್ತಿಲ್ದಿದ್ರೆ ಮುಟ್ಬಾರ್ದು ಕಣ್ರೀ," ಎಂದರು, ಅವಳು ಊಟ ಮುಗಿಸಿ ಬಂದ ಕೂಡಲೇ.

ಕುಸುಮ ಮೊಟ್ಟೆಯಾದ ಮುದ್ರೆಯನ್ನು ನೋಡಿ ತನ್ನ ಲೆಡ್ಜರಿಗೆ ಮರಳಿದಳು. ಆ ಆಫೀಸಿಗೆ ಮೊದಲ ಕಂಪ್ಯೂಟರ್ ಬಂದಾಗಲೂ ಯಾರೂ ಅವಳಿಗೆ ಕಲಿಸಿರಲಿಲ್ಲ. ಚಾಮರಾಜಪುರಂನಲ್ಲಿ ಸಂಜೆಯ ಕ್ಲಾಸಿಗೆ ಸೇರಿ ತಾನೇ ಕಲಿತು ಬಂದಿದ್ದಳು. ಮರುದಿನ ಮಧ್ಯಾಹ್ನ ಬುತ್ತಿ ಬಿಚ್ಚಿಟ್ಟುಕೊಂಡು ಫೋನಿನಲ್ಲಿ ಹುಡುಕಿ ಓದಿದಳು. ರೆಸಲ್ಯೂಷನ್ ತಗ್ಗಿಸಿದರೆ ಪರದೆ ಮಸುಕಾಗುತ್ತದೆ. ಅದನ್ನು ಪೂರ್ತಿಯಾಗಿಯೇ ಬಿಟ್ಟು ಸ್ಕೇಲ್ ಎಂಬುದನ್ನು ಏರಿಸಬೇಕು. ಇಷ್ಟೇ ವಿಷಯ. ರೆಸಲ್ಯೂಷನ್ನನ್ನು ಮೊದಲಿನಂತೆ ಮೇಲಕ್ಕೆ ತಂದು ಸ್ಕೇಲನ್ನು ಇನ್ನೂರು ಪರ್ಸೆಂಟ್ ಮಾಡಿದಳು. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ಅಕ್ಷರಗಳು ಆಗತಾನೆ ಎಳೆದ ರಂಗೋಲಿಯ ಹಾಗೆ ಸ್ಪಷ್ಟವಾಗಿ ನಿಂತವು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ತಣ್ಣಗಾದ ಚಿತ್ರಾನ್ನವೂ ರುಚಿಸಿತು.

ಸುಂದರೇಶ ಅವರು ಬಂದು ನೋಡಿದರು. "ನನಗೇನೋ ಇದು ಧಾರಾಳ ಆಯ್ತು. ಆದ್ರೆ ಅಧ್ಯಕ್ಷರಿಗೆ ಕಾಣಬೇಕಲ್ಲ, ವಯಸ್ಸಾಗಿದೆ. ಇನ್ನೊಂಚೂರು ದೊಡ್ಡದು ಮಾಡಿ."

ಅಧ್ಯಕ್ಷರು ಆಫೀಸಿಗೆ ಬರುತ್ತಿದ್ದದ್ದು ತಿಂಗಳಿಗೊಮ್ಮೆ. ಎಪ್ಪತ್ತೆರಡರ ಆ ಮನುಷ್ಯ ಮಹಡಿಯ ಮೇಲೆ ನಿಂತು ಚಾಮುಂಡಿ ಬೆಟ್ಟದ ಗೋಪುರದ ಕಳಶಗಳನ್ನು ಎಣಿಸುವವರು. ಕುಸುಮ ಮತ್ತೆ ಸೆಟ್ಟಿಂಗ್ಸ್ ತೆರೆದಳು. ಫಾಂಟಿನ ಗಾತ್ರವನ್ನು ಬೇರೆಯಾಗಿ ಏರಿಸುವ ಜಾಗ ಹುಡುಕಿ ಒಂದೂಕಾಲು ಪಟ್ಟು ಮಾಡಿದಳು.

"ಅಧ್ಯಕ್ಷರಿಗೆ ಇನ್ನೂ ಕಷ್ಟ ಆಗ್ಬಹುದು."

ಒಂದೂವರೆ ಮಾಡಿದಳು. ಅದೂ ಸಾಲಲಿಲ್ಲ. ಎರಡು ಪಟ್ಟಾದಾಗ ಒಂದು ಸಾಲಿಗೆ ನಾಲ್ಕೈದು ಪದ ಹಿಡಿಯುತ್ತಿದ್ದವು.

"ಇಷ್ಟಾದ್ರೆ ಕೆಲವು ಬಟನ್‌ಗಳು ಪರದೆಯಿಂದಾಚೆ ಹೋಗ್ಬಿಡ್ತವೆ ಸರ್."

"ಹೋಗ್ಲಿ ಬಿಡಿ," ಎಂದರು ಸುಂದರೇಶ. ಎಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ನಗು ಕಂಡಿತು.

ಎರಡು ದಿನ ಕಳೆದು, ಗುರುವಾರ ಬೆಳಿಗ್ಗೆ, ಶಿವನಂಜಮ್ಮ ಬಂದರು. ಬಡಾವಣೆಯ ವೃತ್ತದಲ್ಲಿ ಹೂ ಮಾರುವ ಹೆಂಗಸು. ಗಂಡನ ಹೆಸರಿನಲ್ಲಿದ್ದ ಸೈಟಿನ ಹಂಚಿಕೆ ಪತ್ರದ ನಕಲು ಬೇಕೆಂದು ಆರನೆಯ ಸಲ ಬಂದು ಬೆಂಚಿನ ಮೇಲೆ ಕೂತಿದ್ದರು. ಆಕೆ ಓದು ಕಲಿತದ್ದು ಐವತ್ತು ದಾಟಿದ ಮೇಲೆ, ಸಾಕ್ಷರತೆಯ ತರಗತಿಯಲ್ಲಿ. ಅಂದಿನಿಂದ ಕಣ್ಣಿಗೆ ಬಿದ್ದ ಬೋರ್ಡನ್ನೆಲ್ಲ ಬಾಯಿ ಬಿಟ್ಟು ಓದುವುದು ಅಭ್ಯಾಸ. ಮನಸ್ಸಿನಲ್ಲೇ ಓದಿಕೊಳ್ಳುವುದು ಅವರಿಗೆ ಬರುತ್ತಿರಲಿಲ್ಲ.

ಸುಂದರೇಶ ಅವರು ಒಂದೇ ಬೆರಳಿನಲ್ಲಿ ಪತ್ರವೊಂದನ್ನು ಟೈಪ್ ಮಾಡುತ್ತಿದ್ದರು. ಅವರ ಬೆನ್ನು ಬೆಂಚಿನ ಕಡೆಗಿತ್ತು.

"ವಿಷ... ಯ," ಎಂದರು ಶಿವನಂಜಮ್ಮ. "ಗುಮಾಸ್ತೆ ಶ್ರೀ... ಮತಿ... ಕುಸುಮ... ಇವರಿಗೆ..."

ಕುಸುಮ ಲೆಡ್ಜರಿನಿಂದ ತಲೆಯೆತ್ತಿದಳು.

"...ಕಂಪ್ಯೂ... ಟರ್... ತಿಳಿವ... ಳಿಕೆ... ಇಲ್ಲ... ದಿರುವ... ಬಗ್ಗೆ." ಶಿವನಂಜಮ್ಮ ಉಸಿರು ತೆಗೆದುಕೊಂಡರು. "ಕುಸುಮವ್ವ, ನಿನ್ ಹೆಸರು ಬರ್ದವ್ರೆ ಕಣವ್ವ! ಎಷ್ಟು ಅಚ್ಚುಕಟ್ಟಾಗಿ ಕಾಣ್ತದೆ ನೋಡು."

ಕುಸುಮಳಿಗೆ ಆಕೆಯ ಓದು ಬೇಕಾಗಿರಲಿಲ್ಲ. ಕೂತಲ್ಲಿಂದಲೇ ಉಳಿದದ್ದು ಕಾಣುತ್ತಿತ್ತು. ಸದರಿಯವರನ್ನು ಹಳೇ ಕಡತಗಳ ಕೋಣೆಗೆ ಕಳಿಸಿ ಅವರ ಜಾಗಕ್ಕೆ ಕುಮಾರಿ ಸಿಂಚನ ಇವರನ್ನು ನೇಮಿಸಬಹುದು ಎಂದಿತ್ತು. ಸಿಂಚನ ಸುಂದರೇಶ ಅವರ ಹೆಂಡತಿಯ ಅಣ್ಣನ ಮಗಳು. ಹೋದ ತಿಂಗಳಷ್ಟೇ ಅವಳು ಡಿಗ್ರಿ ಪಾಸಾದಳೆಂದು ಆಫೀಸಿನಲ್ಲಿ ಮೈಸೂರುಪಾಕು ಹಂಚಿದ್ದರು. ಕುಸುಮ ಎರಡು ತಿಂದಿದ್ದಳು.

ಸುಂದರೇಶ ಅವರು ಪತ್ರವನ್ನು ಮುಚ್ಚಲು ಹೊರಟರು. ಮುಚ್ಚುವ ಗುರುತು ಪರದೆಯಿಂದಾಚೆ ಹೋಗಿತ್ತು. ಮೌಸನ್ನು ಅತ್ತ ಇತ್ತ ಓಡಿಸಿದರು. ಅಕ್ಷರಗಳು ಮೇಲೆ ಕೆಳಗೆ ಸರಿದವೇ ಹೊರತು ಮರೆಯಾಗಲಿಲ್ಲ. ಶಿವನಂಜಮ್ಮ ಬಿಡದೆ "ಸದ... ರಿಯ... ವರನ್ನು..." ಎಂದು ಮುಂದಿನ ಸಾಲಿಗೆ ಬಂದರು.

"ಕುಸುಮ," ಎಂದರು ಸುಂದರೇಶ, ತಿರುಗದೆ. "ಇದನ್ನ ಮುಚ್ಚೋದು ಹೇಗೆ?"

"ಆಲ್ಟ್ ಹಿಡ್ಕೊಂಡು ಎಫ್ ನಾಲ್ಕು ಒತ್ತಿ ಸರ್."

ಒತ್ತಿದರು. ಉಳಿಸಬೇಕೇ, ಬೇಡವೇ ಎಂದು ಕಂಪ್ಯೂಟರ್ ಅಂಗೈಯಗಲದ ಅಕ್ಷರದಲ್ಲಿ ಕೇಳಿತು.

"ಉಳಿಸಿ ಸರ್," ಎಂದಳು ಕುಸುಮ. "ಅಷ್ಟು ಕಷ್ಟಪಟ್ಟು ಟೈಪ್ ಮಾಡಿದೀರಿ." ಮತ್ತೆ ಲೆಡ್ಜರಿನ ಸಾಲಿಗೆ ಪೆನ್ನು ಇಟ್ಟಳು.

ಸೋಮವಾರದ ಸಭೆಗೆ ನಿಂಗಯ್ಯನವರು ಬಂದವರೇ ಮಾನಿಟರಿನ ಮುಂದೆ ನಿಂತರು. "ಅಯ್ಯೋ, ಇದೇನ್ರೀ, ಸಿನಿಮಾ ಪೋಸ್ಟರ್ ಇದ್ದಂಗದೆ! ಯಾರು ಮಾಡುದ್ದು?"

ಕುಸುಮ ಬಾಯಿ ತೆರೆಯುವ ಮೊದಲೇ ಸುಂದರೇಶ ಅವರು "ನಾನೇ ಸರ್, ನಿಮಗೆ ಅನುಕೂಲ ಆಗ್ಲಿ ಅಂತ," ಎಂದುಬಿಟ್ಟರು. ಆಮೇಲೆ ಪತ್ರವನ್ನು ಮುಂದಿಟ್ಟರು.

ನಿಂಗಯ್ಯನವರು ಅದನ್ನು ಓದಿ ಮಡಚಿದರು. "ಸರಿ, ಕುಸುಮಮ್ಮ ಕಡತ ನೋಡ್ಕೊಳ್ಳಿ. ಆದ್ರೆ ನಿಮಗೇ ಇಷ್ಟೊಂದು ಗೊತ್ತಿದ್ಮ್ಯಾಲೆ ಆ ಹುಡ್ಗಿ ಯಾಕೆ? ಕಂಪ್ಯೂಟರ್ ಕೆಲ್ಸನೆಲ್ಲ ನೀವೇ ಮಾಡ್ಕಬುಡಿ."

ಸುಂದರೇಶ ಅವರು ಮುಂದಿದ್ದ ಲೋಟದ ನೀರನ್ನು ಪೂರ್ತಿ ಕುಡಿದರು.

ಕಡತಗಳ ಕೋಣೆಗೆ ಕುಸುಮ ಹೋದದ್ದು ಅಳುತ್ತಲೇ. ಮೊದಲ ದಿನವೆಲ್ಲ ಧೂಳಿಗೆ ಕಣ್ಣೀರು ಬರುತ್ತಿದೆ ಎಂದು ಜವಾನನಿಗೆ ಹೇಳಿದಳು. ಮೂರನೆಯ ದಿನ ಒಂದು ಕಟ್ಟಿನಡಿಯಲ್ಲಿ ಶಿವನಂಜಮ್ಮನ ಗಂಡನ ಹಂಚಿಕೆ ಪತ್ರ ಸಿಕ್ಕಿತು. ಅದರ ನಕಲು ತೆಗೆಸಿ ತಾನೇ ಆಕೆ ಹೂ ಮಾರುವ ವೃತ್ತಕ್ಕೆ ಹೋಗಿ ಕೊಟ್ಟಳು. ಆಕೆ ಅಲ್ಲೇ ರಸ್ತೆಯಲ್ಲಿ ನಿಂತು ಅದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. ಕುಸುಮ ಪೂರ್ತಿ ಕೇಳಿಸಿಕೊಂಡೇ ಹೊರಟಳು.

ಇಪ್ಪತ್ತು ದಿನವಾಗಿರಬೇಕು. ಒಂದು ಬೆಳಿಗ್ಗೆ ಕಂಪ್ಯೂಟರ್ ಅಪ್‌ಡೇಟ್ ಮಾಡಲೇ ಎಂದು ಕೇಳಿತು. ಸುಂದರೇಶ ಅವರು ಹೂಂ ಎಂದು ಒತ್ತಿದರು. ಅದು ಮತ್ತೆ ಎದ್ದಾಗ ಅಕ್ಷರಗಳೆಲ್ಲ ಸಾಸಿವೆಯಾಗಿದ್ದವು. ಎರಡು ದಿನ ತಡೆದು ಮೂರನೆಯ ದಿನ ಕಡತಗಳ ಕೋಣೆಯ ಬಾಗಿಲಲ್ಲಿ ಬಂದು ನಿಂತರು.

"ಅಧ್ಯಕ್ಷರಿಗೆ ಕಾಣಲ್ಲ ಅಂತ..."

"ಅಧ್ಯಕ್ಷರು ಬರೋಕೆ ಇನ್ನೂ ವಾರ ಇದೆ ಸರ್," ಎನ್ನುತ್ತಲೇ ಕುಸುಮ ಎದ್ದು ಬಂದಳು. ಸ್ಕೇಲನ್ನು ಇನ್ನೂರಕ್ಕೆ ತಂದು ಕೈ ತೆಗೆದಳು.

"ಇನ್ನೊಂಚೂರು..."

"ಇದಕ್ಕಿಂತ ದೊಡ್ಡದು ಈಗ ಆಗಲ್ಲ ಸರ್. ಅಪ್‌ಡೇಟ್ ಆದ ಮೇಲೆ ಇಷ್ಟೇ."

ಆ ಆಫೀಸಿನ ಕೆಲಸದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು. ಸುಳ್ಳೆಂದು ಕಂಡುಹಿಡಿಯುವ ತಿಳಿವಳಿಕೆ ಅಲ್ಲಿ ಬೇರೆ ಯಾರಿಗೂ ಇರಲಿಲ್ಲ.

ಸುಂದರೇಶ ಅವರು ಕೊನೆಗೆ ಚಾಮರಾಜಪುರಂನಲ್ಲಿ ಕಣ್ಣು ತೋರಿಸಿ ಕನ್ನಡಕ ಹಾಕಿಸಿಕೊಂಡರು. ಈ ದರಿದ್ರ ಕಂಪ್ಯೂಟರಿನಿಂದ ನನ್ನ ಕಣ್ಣೇ ಹೋಯಿತು ಎಂದು ಬಂದವರಿಗೆಲ್ಲ ಹೇಳಿದರು. ಬಂದವರು ಲೊಚಗುಟ್ಟಿದರು.

ಅದಾದ ವಾರಕ್ಕೆ ಅವರು ಒಂದು ಹಳೆಯ ಕಡತ ಹಿಡಿದು ಕುಸುಮಳ ಬಳಿಗೆ ಬಂದರು. ವರ್ಷಗಳಿಂದ ತಾವು ಬರೆದು ರುಜು ಹಾಕಿದ ಸುತ್ತೋಲೆಗಳನ್ನು ಮೊದಲ ಸಲ ಓದಿದ್ದರು. ಪುಟಪುಟದಲ್ಲೂ ಪೆನ್ಸಿಲಿನ ಸಣ್ಣ ತಿದ್ದುಪಡಿಗಳಿದ್ದವು: ತಾರೀಖು, ಸೈಟಿನ ನಂಬರು, ಒಂದು ಕಡೆ ಅವರದೇ ಹೆಸರು.

"ಇದೆಲ್ಲ ನೀವು ತಿದ್ದಿದ್ದಾ?"

"ಹೌದು ಸರ್."

"ನನಗೆ ಹೇಳ್ಲೇ ಇಲ್ಲ?"

"ಸರಿಯಾಗಿದೆಯಾ ನೋಡಿ ಅಂತ ಪ್ರತಿ ಸಲ ನಿಮ್ಮ ಮುಂದೆ ಇಡ್ತಿದ್ದೆ. ನೋಡಿದೀನಿ ಅಂತಿದ್ರಿ."

ಸುಂದರೇಶ ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಕಡತವನ್ನು ಮೇಜಿನ ಮೇಲಿಟ್ಟು, "ಸ್ಟೂಲ್ ಇದ್ರೆ ಕೊಡಿ," ಎಂದು ಕೇಳಿದರು. ಕುಸುಮ ಧೂಳು ಕೊಡವಿ ಕೊಟ್ಟಳು. ಇಬ್ಬರೂ ಮಧ್ಯಾಹ್ನದವರೆಗೆ ಕೂತು, ಒಂದೊಂದೇ ಹಾಳೆ ತಿರುವುತ್ತ, ಉಳಿದ ತಪ್ಪುಗಳನ್ನು ಹುಡುಕಿದರು.