ಬೋಳಾರದ ಲಕ್ಷ್ಮಕ್ಕನ ಸೌತೆ ಬಳ್ಳಿ

ಮಳೆ ಹಿಡಿಯಿತೆಂದರೆ ಬೋಳಾರದ ಹೊಳೆಬದಿಯ ಮನೆಗಳಲ್ಲಿ ಮೊದಲು ದೋಣಿ ದಡದ ಮೇಲೆ ಬರುತ್ತದೆ, ಆಮೇಲೆ ಒಲೆ ತಣ್ಣಗಾಗುತ್ತದೆ. ಕಡಲಿಗೆ ಇಳಿಯುವ ಹಾಗಿಲ್ಲ. ಮೀನಿಲ್ಲದ ಮೇಲೆ ಅಕ್ಕಿಯೂ ಇಲ್ಲ. ಅದರಲ್ಲೂ ಈ ಯುದ್ಧದಿಂದಾಗಿ ಬರ್ಮಾದ ಅಕ್ಕಿ ಬರುವುದು ನಿಂತ ಮೇಲೆ ಮಳೆಗಾಲದ ನಡುವಿನ ಆಟಿ ತಿಂಗಳೆಂದರೆ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಳ್ಳುವ ತಿಂಗಳು.

ಮೀನು ಮಾರುವ ಲಕ್ಷ್ಮಕ್ಕನ ಮನೆಯಲ್ಲಿ ಇದಕ್ಕೊಂದು ಉಪಾಯ ಹುಡುಕಿದ್ದರು. ಅವಳ ಮಗಳು ಮೋಹಿನಿ, ಅಳಿಯ ವಾಸು, ಮೊಮ್ಮಗಳು ಕುಮುದಿನಿ ಎಲ್ಲರೂ ಒಂದೇ ಸೂರಿನಡಿ ಇದ್ದವರು. ಮಳೆ ಶುರುವಾದ ಕೂಡಲೇ ಪುಟ್ಟ ಕುಮುದಿನಿಯನ್ನು ಕೊಟ್ಟಾರದ ಗದ್ದೆಯುಳ್ಳ ಮನೆಯೊಂದಕ್ಕೆ ಕಳಿಸುತ್ತಿದ್ದರು. ಅಲ್ಲಿ ಅವಳು ಪಾತ್ರೆ ತಿಕ್ಕಬೇಕು, ಜಗಲಿ ಗುಡಿಸಬೇಕು. ಅದಕ್ಕೆ ಬದಲು ಊಟ. ದೋಣಿ ಮತ್ತೆ ನೀರಿಗಿಳಿದ ಮೇಲೆ ಅವಳನ್ನು ಕರೆತರುವುದು. “ಒಂದು ಬಾಯಿ ಕಡಿಮೆ ಆಗ್ತದೆ” ಎಂದು ಈ ಏರ್ಪಾಡು ಮಾಡಿದವಳು ಲಕ್ಷ್ಮಕ್ಕನೇ. ಅವಳೂ ಚಿಕ್ಕಂದಿನಲ್ಲಿ ಹಾಗೆಯೇ ಯಾರದೋ ಮನೆಯಲ್ಲಿ ಉಂಡು ಬೆಳೆದವಳು.

ಕಳೆದ ವರ್ಷ ಮಗು ಹಿಂದಿರುಗಿದ ದಿನ ಮೋಹಿನಿ ಬಟ್ಟಲಿಟ್ಟು ಊಟಕ್ಕೆ ಕರೆದಳು. ಕುಮುದಿನಿ ಬಾಗಿಲ ಹತ್ತಿರವೇ ನಿಂತಳು.

“ಅಜ್ಜಿ, ನಾನು ಈಗ ಕೂತ್ಕೊಳ್ಬಹುದಾ? ಎಲ್ಲರದ್ದೂ ಆಯ್ತಾ?”

ತನ್ನ ಮನೆಯಲ್ಲೇ ತನ್ನ ಊಟಕ್ಕೆ ಅಪ್ಪಣೆ ಕೇಳುವ ಮಗು! ಲಕ್ಷ್ಮಕ್ಕನಿಗೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹಾಗಾಯಿತು. ಆದರೆ ಅವಳು ಅಷ್ಟು ಸುಲಭದಲ್ಲಿ ಸೋಲೊಪ್ಪುವ ಹೆಂಗಸೇ? “ಒಳ್ಳೆಯ ನಡತೆ ಕಲಿತಿದ್ದಾಳೆ” ಎಂದು ಗೊಣಗಿ ಮುಖ ತಿರುಗಿಸಿದಳು. ಆ ಮುಳ್ಳು ಮಾತ್ರ ಅಲ್ಲೇ ಉಳಿಯಿತು.

ಕುಲಶೇಖರದ ಲಿಲ್ಲಿಬಾಯಿ ಮಾರುಕಟ್ಟೆಗೆ ತರಕಾರಿ ತರುವವಳು. ಸಂತೆ ಮುಗಿಯುವ ಹೊತ್ತಿಗೆ ಲಕ್ಷ್ಮಕ್ಕನ ಬುಟ್ಟಿಯಲ್ಲಿ ಉಳಿದ ಬಂಗುಡೆಗೂ ಲಿಲ್ಲಿಬಾಯಿಯ ಬಾಡಿದ ಹರಿವೆಗೂ ಅದಲುಬದಲು ನಡೆಯುತ್ತಿತ್ತು. ಇಬ್ಬರೂ ತಾನೇ ಮೋಸ ಹೋದೆನೆಂದು ದಿನವೂ ಜಗಳವಾಡಿ, ದಿನವೂ ಅದನ್ನೇ ಮಾಡುತ್ತಿದ್ದರು. ಶಿವರಾತ್ರಿ ಕಳೆದ ಹೊಸತರಲ್ಲಿ ಲಿಲ್ಲಿಬಾಯಿ ಕೇಳಿದಳು.

“ಈ ಸಲವೂ ಬಾಲೆಯನ್ನು ಕೊಟ್ಟಾರಕ್ಕೆ ಕಳಿಸ್ತೀರಾ ಲಕ್ಷ್ಮಕ್ಕ?”

“ಮತ್ತೆ ಎಂತ ಮಾಡುದು ಮಾರಾಯ್ತಿ? ಇಟ್ಟುಕೊಂಡು ಉಪವಾಸ ಹಾಕುದಾ?”

“ನಿಮ್ಮ ಮನೆ ಹಿಂದೆ ಜಾಗ ಉಂಟಲ್ಲ?”

“ಅದು ಬಲೆ ಒಣಗಿಸ್ಲಿಕ್ಕೆ.”

“ಬಲೆಯನ್ನು ಕಂಬಕ್ಕೆ ಹಾಕಿ. ನೆಲಕ್ಕೆ ಸೌತೆ ಬೀಜ ಹಾಕಿ. ಮಳೆಗೆ ಮೊದಲೇ ಕಾಯಿ ಬರ್ತದೆ. ಬೆಳೆದ ಕಾಯಿಯನ್ನು ತೆಂಗಿನ ಗರಿಯಲ್ಲಿ ಕಟ್ಟಿ ಮನೆಯೊಳಗೆ ಜಂತಿಗೆ ತೂಗಿಸಿ. ನೆಲಕ್ಕೆ ತಾಗದೆ ಗಾಳಿಯಾಡ್ತಾ ಇದ್ರೆ ಆಟಿ ಮುಗಿಯುವವರೆಗೂ ಹಾಳಾಗುದಿಲ್ಲ.”

“ನಮ್ಮದು ಬರೀ ಹೊಯಿಗೆ, ಹೊಳೆಯ ಮರಳು. ಅದರಲ್ಲಿ ಎಂತ ಬೆಳೀತದೆ? ಮತ್ತೆ ನಾವು ಕಡಲಿನವರು. ಹಾರೆ ಹಿಡಿದ್ರೆ ನಾಲ್ಕು ಜನ ನಗಾಡ್ತಾರೆ.”

“ನಗಾಡುವವರು ಆಟಿಯಲ್ಲಿ ಅಕ್ಕಿ ತಂದು ಕೊಡ್ತಾರಾ?”

ಲಕ್ಷ್ಮಕ್ಕ ಬುಟ್ಟಿಯ ಬಂಗುಡೆಯನ್ನು ಅತ್ತಿತ್ತ ಸರಿಸಿದಳು. ಲಿಲ್ಲಿಬಾಯಿ ಮುಂದುವರಿಸಿದಳು.

“ಹೊಯಿಗೆ ಆದ್ರೆ ಗುಂಡಿ ತೋಡಿ ಒಣ ಎಲೆ, ಒಲೆಯ ಬೂದಿ, ಸಿಕ್ಕಿದ್ರೆ ಸ್ವಲ್ಪ ಹಳೇ ಸೆಗಣಿ ಹಾಕಿ. ಮೀನು ತೊಳೆದ ನೀರನ್ನು ಹೊಳೆಗೆ ಚೆಲ್ತೀರಲ್ಲ, ಅದನ್ನು ಬುಡದಿಂದ ಸ್ವಲ್ಪ ದೂರ ಹೊಯ್ದು ಮಣ್ಣು ಮುಚ್ಚಿ. ಅಂಥ ಗೊಬ್ಬರ ನಮಗೆ ಕುಲಶೇಖರದಲ್ಲಿ ಸಿಗುದಿಲ್ಲ!”

ಬೇಡವೆಂದರೆ ಚೆನ್ನಾಗಿರುವುದಿಲ್ಲವೆಂದು ಲಕ್ಷ್ಮಕ್ಕ ಅವಳು ಕೊಟ್ಟ ಬೀಜವನ್ನು ಸೆರಗಿಗೆ ಕಟ್ಟಿಕೊಂಡು ಬಂದಳು. ಮನೆಯಲ್ಲಿ ಮೋಹಿನಿ ಅದನ್ನು ಕೇಳಿದ್ದೇ ತಡ, ಹಾರೆ ಎತ್ತಿಕೊಂಡಳು. ವಾಸು ಎರಡು ಕಂಬ ನೆಟ್ಟು ಬಲೆಯನ್ನು ಅದಕ್ಕೆ ಏರಿಸಿದ.

“ಇನ್ನು ಬಲೆಗೆ ಸೌತೆಕಾಯಿ ಬೀಳ್ತದಾ ಅಳಿಯಂದಿರೇ?” ಎಂದು ಲಕ್ಷ್ಮಕ್ಕ ಕಿಚಾಯಿಸಿದಳು. ವಾಸು ನಗುತ್ತ ಬಲೆಯ ಇನ್ನೊಂದು ಬದಿಯನ್ನು ಕಟ್ಟಿದ.

ಬೀಜ ಮೊಳೆಯಿತು. ಕುಮುದಿನಿ ಬೆಳಿಗ್ಗೆ ಎದ್ದವಳೇ ತೆಂಗಿನ ಚಿಪ್ಪಿನಲ್ಲಿ ಬಾವಿ ನೀರು ಹೊತ್ತು ಒಂದೊಂದು ಗಿಡಕ್ಕೂ ಹನಿಸುತ್ತಿದ್ದಳು. ಒಂದು ದಿನ ತಲೆ ಎತ್ತದೆ ಕೇಳಿದಳು.

“ಅಜ್ಜಿ, ಕಾಯಿ ಆದ್ರೂ ನಾನು ಕೊಟ್ಟಾರಕ್ಕೆ ಹೋಗ್ಬೇಕಾ?”

“ಮೊದಲು ಕಾಯಿ ಆಗ್ಲಿ, ಮತ್ತೆ ನೋಡುವ.”

ಹಾಗೆಂದಳೇ ಹೊರತು ಅಂದಿನಿಂದ ಲಕ್ಷ್ಮಕ್ಕನಿಗೆ ಆ ಬಳ್ಳಿಗಳ ಮೇಲೆಯೇ ಕಣ್ಣು. ಯಾರೂ ಇಲ್ಲದಾಗ ಹೋಗಿ ಎಲೆ ಮುಟ್ಟಿ ನೋಡುವಳು. ಬಳ್ಳಿ ಬೇಗ ಬೆಳೆಯಬಾರದೇ ಎಂದು ಅವಳಿಗೆ ಅವಸರ. ಮೀನು ತೊಳೆದ ನೀರಿಗೇ ಇಷ್ಟು ಶಕ್ತಿ ಇದ್ದರೆ ಉಪ್ಪು ಮೀನಿನ ಭರಣಿಯಲ್ಲಿ ಇಳಿದ ನೀರಿಗೆ ಎಷ್ಟಿರಬೇಡ? ಅದರಲ್ಲಿ ಮೀನಿನ ಸಾರವೆಲ್ಲ ಇಳಿದಿರುತ್ತದಲ್ಲ? ಹೀಗೆ ಲೆಕ್ಕ ಹಾಕಿ, ಯಾರಿಗೂ ಹೇಳದೆ, ಭರಣಿಯ ನೀರನ್ನು ಪ್ರೀತಿಯಿಂದ ಎಲ್ಲ ಬುಡಗಳಿಗೂ ಹೊಯ್ದಳು.

ಎಲೆಗಳ ಅಂಚು ಸುಟ್ಟ ಹಾಗೆ ಕಂದಾಯಿತು. ನೋಡುನೋಡುತ್ತಿದ್ದಂತೆ ಬಳ್ಳಿಗಳು ತಲೆ ಬಾಗಿಸಿದವು, ಮತ್ತೆ ಏಳಲಿಲ್ಲ.

ಕುಮುದಿನಿ ಅಳಲಿಲ್ಲ. ಚಿಪ್ಪನ್ನು ಬಾವಿಕಟ್ಟೆಯ ಮೇಲೆ ಕವುಚಿಟ್ಟಳು. ಒಳಗೆ ಹೋಗಿ ತನ್ನ ಇನ್ನೊಂದು ಲಂಗವನ್ನು ಮಡಚಿ ಚೀಲಕ್ಕೆ ತುಂಬಿದಳು. ಮಳೆಗೆ ಇನ್ನೂ ಎಷ್ಟೋ ದಿನಗಳಿದ್ದವು. ಲಕ್ಷ್ಮಕ್ಕ ಅದನ್ನು ಬಾಗಿಲಲ್ಲೇ ನಿಂತು ಕಂಡಳು. ಅವಳು ಆ ದಿನ ಬುಟ್ಟಿ ಹೊರಲಿಲ್ಲ. ಬಿಸಿಲಲ್ಲಿ ನಡೆದುಕೊಂಡೇ ಕುಲಶೇಖರಕ್ಕೆ ಹೋಗಿ ಲಿಲ್ಲಿಬಾಯಿಯ ಜಗಲಿಯಲ್ಲಿ ಕುಳಿತಳು.

“ನಾನೇ ಹಾಳು ಮಾಡಿದೆ. ಉಪ್ಪು ಮೀನಿನ ನೀರು ಹೊಯ್ದೆ.”

ಲಿಲ್ಲಿಬಾಯಿ ಬೈಯಲಿಲ್ಲ. ಮೊದಲು ಕುಡಿಯಲು ನೀರು ಕೊಟ್ಟಳು.

“ಹಸಿ ಮೀನು ತೊಳೆದ ನೀರು ಬೇರೆ, ಉಪ್ಪು ಮೀನಿನ ನೀರು ಬೇರೆ ಲಕ್ಷ್ಮಕ್ಕ. ಉಪ್ಪು ಮೀನನ್ನು ಕಾಯ್ತದೆ, ಗಿಡವನ್ನು ಕೊಲ್ತದೆ. ಅದನ್ನು ನಾನು ಮೊದಲೇ ಹೇಳ್ಬೇಕಿತ್ತು. ನಮ್ಮ ಮನೆಯಲ್ಲಿ ಆ ಭರಣಿ ಇಲ್ಲ ನೋಡಿ, ನೆನಪೇ ಆಗ್ಲಿಲ್ಲ.”

“ಇನ್ನು ಸಮಯ ಉಂಟಾ? ನಿಜ ಹೇಳು.”

“ಇವತ್ತು ಹಾಕಿದ್ರೆ ಉಂಟು. ಉಪ್ಪು ತಾಗಿದ ಮಣ್ಣನ್ನು ಕೆರೆದು ತೆಗೆಯಿರಿ. ಪಕ್ಕದಲ್ಲಿ ಹೊಸ ಗುಂಡಿ ತೋಡಿ, ಬಾವಿಯ ಸಿಹಿ ನೀರು ಧಾರಾಳ ಹೊಯ್ಯಿರಿ. ಬೀಜ ನಾನು ಕೊಡ್ತೇನೆ. ಬಸಳೆಯ ದಂಟು ಕೂಡ ಕೊಡ್ತೇನೆ, ಬಚ್ಚಲು ನೀರು ಹರಿಯುವಲ್ಲಿ ಊರಿಬಿಡಿ. ಮತ್ತೆ ಇನ್ನೊಂದು ಮಾತು. ದಿನಾ ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ಬೇರೆ ಮಡಕೆಗೆ ಹಾಕಿ. ಮೀನು ಇರುವ ದಿನದಲ್ಲಿ ಅದು ಗೊತ್ತೇ ಆಗುದಿಲ್ಲ.”

ಈ ಸಲ ಗುಂಡಿ ತೋಡಿದವಳು ಲಕ್ಷ್ಮಕ್ಕ. ಬೇಲಿಯಾಚೆ ನಿಂತವರು ನಗಾಡಿದರು. “ಎಂತ ಲಕ್ಷ್ಮಕ್ಕ, ದೋಣಿ ಬಿಟ್ಟು ನೇಗಿಲು ಹಿಡಿದ್ರಾ?” ಎಂದು ಒಬ್ಬಳು ಕೇಳಿದಳು. “ನಗು, ನಗು. ಆಟಿಯಲ್ಲಿ ಸೌತೆಕಾಯಿ ಕೇಳ್ಲಿಕ್ಕೆ ಬಾ, ಆಗ ನಾನು ನಗ್ತೇನೆ” ಎಂದು ಲಕ್ಷ್ಮಕ್ಕ ಹಾರೆ ನಿಲ್ಲಿಸದೆ ಹೇಳಿದಳು. ಉಪ್ಪಿನ ಭರಣಿಯನ್ನು ಅವಳು ಮನೆಯ ಮುಂದಿನ ಮೂಲೆಗೆ ಸಾಗಿಸಿದ್ದಳು. ಹಿತ್ತಲ ಕಡೆ ಅದರ ನೆರಳೂ ಬೀಳಕೂಡದು!

ಬಳ್ಳಿ ಹಬ್ಬಿತು, ಹಳದಿ ಹೂ ಬಿಟ್ಟಿತು. ಎಲೆಗೆ ಹುಳ ಹತ್ತಿದಾಗ ಬೂದಿ ಉದುರಿಸಿದರು. ಮೊದಲ ಮಳೆಯ ಮೋಡ ಕಟ್ಟುವಾಗ ಕಾಯಿಗಳು ಬಲಿತಿದ್ದವು. ಮೋಹಿನಿ ತೊಟ್ಟು ಮುರಿಯದ ಹಾಗೆ ಕೊಯ್ದಳು. ವಾಸು ಬಲೆ ಹೆಣೆಯುವ ಕೈಯಲ್ಲೇ ಗರಿಯನ್ನು ಹೆಣೆದು, ಕಾಯಿಗಳನ್ನು ಒಂದರ ಕೆಳಗೊಂದು ಜಂತಿಗೆ ತೂಗಿಸಿದ. ಎಲ್ಲಕ್ಕಿಂತ ಚೆಂದದ ಕಾಯಿಯನ್ನು ಬಳ್ಳಿಯಲ್ಲೇ ಹಣ್ಣಾಗಲು ಬಿಟ್ಟು, ಅದರ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಒಣಗಿಸಿ ಮುಂದಿನ ವರ್ಷಕ್ಕೆಂದು ಎತ್ತಿಟ್ಟರು.

ಆಟಿ ಬಂತು. ಕೊಟ್ಟಾರದ ಮನೆಯಿಂದ ಆಳು ಬಂದು ಮಳೆಗೆ ಹೊದ್ದ ಗರಿಯ ಗೊರಬೆಯಡಿ ನೀರು ಸೋರಿಸುತ್ತ ಅಂಗಳದಲ್ಲಿ ನಿಂತ.

“ಹುಡುಗಿಯನ್ನು ಕರ್ಕೊಂಡು ಬರ್ಲಿಕ್ಕೆ ಹೇಳಿದ್ದಾರೆ.”

ಕುಮುದಿನಿ ಕಂಬದ ಹಿಂದೆ ಸರಿದಳು. ಲಕ್ಷ್ಮಕ್ಕ ಒಮ್ಮೆ ಜಂತಿಯ ಕಡೆ ನೋಡಿದಳು.

“ಈ ವರ್ಷ ಅವಳಿಗೆ ಮನೆಯಲ್ಲೇ ಕೆಲಸ ಉಂಟು ಅಂತ ಹೇಳು.”

“ಎಂತ ಕೆಲಸ?”

“ಊಟ ಮಾಡುವ ಕೆಲಸ.”

ಅಕ್ಕಿ ಆ ವರ್ಷವೂ ಹೆಚ್ಚೇನಿರಲಿಲ್ಲ. ಮಡಕೆಯ ಹಿಡಿ ಅಕ್ಕಿಯಲ್ಲಿ ಕಾಯಿಸಿದ್ದು ಗಂಜಿಯೇ. ಆದರೆ ಅದರ ಜೊತೆ ಒಣ ಸಿಗಡಿ ಹಾಕಿದ ಸೌತೆಕಾಯಿಯ ಪದಾರ್ಥವಿತ್ತು, ಒಂದು ದಿನ ಬಿಟ್ಟು ಒಂದು ದಿನ ಬಸಳೆಯಿತ್ತು. ಆಳು ಹೋದ ಮಧ್ಯಾಹ್ನ ಲಕ್ಷ್ಮಕ್ಕ ಬಡಿಸುತ್ತಿದ್ದಳು. ಕುಮುದಿನಿ ಎಲ್ಲರಿಗಿಂತ ಮೊದಲೇ ಬಂದು ಕುಳಿತಳು. ಯಾರನ್ನೂ ಏನೂ ಕೇಳಲಿಲ್ಲ. ಉಂಡು ಮುಗಿಸಿ ಬಟ್ಟಲನ್ನು ಮುಂದೆ ತಳ್ಳಿದಳು.

“ಅಜ್ಜಿ, ಇನ್ನೂ ಸ್ವಲ್ಪ ಹಾಕು.”

ಲಕ್ಷ್ಮಕ್ಕ ಹಾಕಿದಳು. ಹೊಗೆ ಹೊಗೆ ಎಂದು ಒಲೆಯನ್ನು ಬೈಯುತ್ತ ಕಣ್ಣೊರೆಸಿಕೊಂಡಳು. ಒಲೆ ಆರಿ ಆಗಲೇ ಬಹಳ ಹೊತ್ತಾಗಿತ್ತು.

ಅಕ್ಕಂದಿರೇ, ನಿಮ್ಮ ಮನೆ ಹಿಂದೆಯೂ ಬಲೆಯೋ ಕಟ್ಟಿಗೆಯೋ ಹಾಕಿಟ್ಟ ಒಂದಿಷ್ಟು ಜಾಗ ಇದ್ದೇ ಇರುತ್ತದೆ. ಬೇಸಿಗೆಯ ಬಿಸಿಲು ಏರುವ ಮೊದಲು ಅಲ್ಲಿ ನಾಲ್ಕು ಗುಂಡಿ ತೋಡಿ ಬೀಜ ಹಾಕಿ. ಹಸಿ ಮೀನು ತೊಳೆದ ನೀರನ್ನು, ಒಲೆಯ ಬೂದಿಯನ್ನು ಚೆಲ್ಲಬೇಡಿ, ಬಳ್ಳಿಗೆ ಕೊಡಿ. ಉಪ್ಪಿನ ಭರಣಿಯನ್ನು ಮಾತ್ರ ಹತ್ತಿರ ತರಬೇಡಿ, ಲಕ್ಷ್ಮಕ್ಕನ ಮೇಲಾಣೆ! ದಿನಕ್ಕೊಂದು ಹಿಡಿ ಅಕ್ಕಿ ಎತ್ತಿಡಿ. ಗೊತ್ತಿಲ್ಲದಿದ್ದರೆ ನೆರೆಯವರನ್ನು ಕೇಳಿ, ಗೊತ್ತಿದ್ದರೆ ನೆರೆಯವರಿಗೆ ಬೀಜ ಕೊಡಿ. ಬರುವ ಆಟಿಯಲ್ಲಿ ನಿಮ್ಮ ಮಗುವೂ ಯಾರ ಅಪ್ಪಣೆಯನ್ನೂ ಕೇಳದೆ ನಿಮ್ಮ ಮನೆಯಲ್ಲೇ ಕುಳಿತು ಉಣ್ಣಲಿ.